ಪಂಕಜಮ್ಮನ ಪ್ಲಾಸ್ಟಿಕ್ ಕವರು

ದೆಹಲಿಯ ರೋಹಿಣಿ ಬಡಾವಣೆಯ ನನ್ನ ಅಂಗಡಿಗೆ ದೋಸೆಹಿಟ್ಟು ರುಬ್ಬಿ ಕೊಡುವ ಪಂಕಜಮ್ಮ ಹನ್ನೊಂದು ವರ್ಷದಲ್ಲಿ ಒಂದು ದಿನವೂ ತಪ್ಪಿಸಿದವಳಲ್ಲ. ಮಗ ಕಿರಣನನ್ನು ಪೊಲೀಸರು ಕರೆದೊಯ್ದ ಮರುದಿನವೂ ಹಿಟ್ಟು ಬಂದಿತ್ತು. ಉಪ್ಪು ಮಾತ್ರ ಎರಡು ಸಲ ಬಿದ್ದಿತ್ತು.

ಆಗ ಅವನಿಗೆ ಹದಿನಾರು. ಗೆಳೆಯರು ಕದ್ದ ಸ್ಕೂಟರಿನ ಹಿಂದೆ ಕೂತಿದ್ದ. ನಾಲ್ಕು ತಿಂಗಳು ಮಕ್ಕಳ ವೀಕ್ಷಣಾಲಯದಲ್ಲಿದ್ದು ಬಂದ. ಅಲ್ಲಿಂದಾಚೆಗೆ ಗಲ್ಲಿಯವರಿಗೆ ಅವನ ಹೆಸರೇ ಮರೆತುಹೋಯಿತು. ‘ಜುವೆನೈಲ್’ ಅಂದರೆ ಸಾಕಿತ್ತು. ಪಂಕಜಮ್ಮ ಒಬ್ಬಳೇ ತಿದ್ದುತ್ತಿದ್ದಳು.

“ಹಾಗನ್ನಬಾರದಂತೆ ಅಣ್ಣಾ. ಬಾಲ ನ್ಯಾಯಮಂಡಳಿಯ ಮೇಡಮ್ಮು ಹೇಳಿದ್ದಾರೆ. ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು’ ಅನ್ನಬೇಕಂತೆ.”

“ಅಷ್ಟುದ್ದ ಹೆಸರು ಕೂಗಿ ಮುಗಿಸೋದರೊಳಗೆ ಮಗು ಮದುವೆಗೆ ಬಂದಿರುತ್ತಮ್ಮಾ,” ಅಂದಿದ್ದೆ. ಅವಳು ನಗಲಿಲ್ಲ.

ಈ ವರ್ಷ ಇಪ್ಪತ್ತು ತುಂಬಿದ ಕಿರಣನಿಗೆ ಗುರುಗ್ರಾಮದ ಆಫೀಸೊಂದರಲ್ಲಿ ಕೆಲಸ ಗೊತ್ತಾಯಿತು. ಫಾರಂ ತುಂಬಿಸಲು ತಾಯಿ ಮಗ ನನ್ನ ಹತ್ತಿರವೇ ಬಂದರು. ಈ ಸೆಕ್ಟರಿನ ಕನ್ನಡದವರ ಗ್ಯಾಸು, ರೇಷನ್ನು, ಬಾಡಿಗೆ ಫಾರಂಗಳೆಲ್ಲ ನಾನು ತುಂಬಿದ್ದೇ. ಅದೊಂದು ಜಂಭ ನನಗೆ. ‘ಹಿಂದೆ ಯಾವುದಾದರೂ ಪೊಲೀಸ್ ಕೇಸು?’ ಎಂಬ ಸಾಲಿಗೆ ಬಂದೆ.

“ಇಲ್ಲ ಅಂತ ಬರೀರಿ ಅಂಕಲ್. ರೆಕಾರ್ಡೇ ಇರಲ್ಲ ಅಂತ ಮೇಡಂ ನೇ ಬೋಲಾ ಥಾ,” ಅಂದ ಕಿರಣ.

ಪಂಕಜಮ್ಮ ಪ್ಲಾಸ್ಟಿಕ್ ಕವರಿನಲ್ಲಿದ್ದ ಮಂಡಳಿಯ ಆದೇಶವನ್ನು ಮುಂದಿಟ್ಟಳು. “ಒಮ್ಮೆ ಓದಿ ಅಣ್ಣಾ.”

ನಾನು ಓದಲಿಲ್ಲ. “ಹರಿದ ಮೂಟೆ ನಾವೇ ಮೊದಲು ತೋರಿಸಿಬಿಟ್ಟರೆ ಗಿರಾಕಿ ನಂಬ್ತಾನೆ ಕಣೋ. ನಾಳೆ ಯಾರೋ ಚಾಡಿ ಹೇಳಿದರೆ ಆಗ?” ಎಂದು ದಪ್ಪಕ್ಷರದಲ್ಲಿ ಬರೆದೆ: ಹೌದು, ಜುವೆನೈಲ್.

ವಾರದೊಳಗೆ ಆಫೀಸಿನವರು ‘ಬೇಡ’ ಎಂದರು. ಯಾಕೆಂದು ಕೇಳಲು ಹೋದ ಕಿರಣನಿಗೆ ನನ್ನ ದಪ್ಪಕ್ಷರವನ್ನೇ ತೋರಿಸಿದರಂತೆ. ಮನೆಗೆ ಬಂದವನು ಬ್ಯಾಗಿಗೆ ಬಟ್ಟೆ ತುಂಬಿದ. “ನನ್ನ ಹೆಸರು ಕರೆಯೋ ಊರು ಸಿಕ್ಕಿದರೆ ಫೋನ್ ಮಾಡ್ತೀನಿ, ಮಮ್ಮಿ,” ಎಂದು ಹೊರಟ. ಎರಡು ತಿಂಗಳಾಯಿತು, ಫೋನಿಲ್ಲ.

ಕವರು ನನ್ನ ಮೇಜಿನ ಮೇಲೇ ಉಳಿದಿತ್ತು. ಆಮೇಲೆ ಓದಿದೆ. ಈ ಕೇಸಿನಿಂದ ಹುಡುಗನಿಗೆ ಯಾವ ಅನರ್ಹತೆಯೂ ಇಲ್ಲ, ದಾಖಲೆ ಅಳಿಸತಕ್ಕದ್ದು ಎಂದು ಎರಡನೇ ಪುಟದಲ್ಲೇ ಇತ್ತು. ಮೊದಲಿನಿಂದ ಕೊನೆಯವರೆಗೆ ಅವನನ್ನು ‘ಮಗು’ ಎಂದೇ ಕರೆದಿದ್ದರು.

ಇವತ್ತೂ ಹಿಟ್ಟು ಬಂತು. ಕವರು ಕೈಗಿತ್ತು, “ಓದಿದೆ, ಪಂಕಜಮ್ಮ,” ಅಂದೆ.

ಅವಳು ಅದನ್ನು ಸೆರಗಿನಿಂದ ಒರೆಸಿಕೊಂಡಳು.

“ಇರಲಿ ಅಣ್ಣಾ. ಅವನು ಬಂದರೆ ಬೇಕಾಗುತ್ತೆ.”