ಮೌಶಿ ತೋರಿಸಿದ ಜಾಗಾ

ಮೊನ್ನಿ ಹುಮನಾಬಾದಿನ ನಮ್ಮ ಮನ್ಯಾಗ, ಮೂಲ್ಯಾಗಿಟ್ಟ ಜ್ವಾಳದ ಚೀಲಕ್ಕ ನೀರು ತಾಗಿತ್ತು. ಸೊಸಿ ಚೀಲದ ಬಾಯಿ ಬಿಚ್ಚಿದ ಕೂಡಲೇ ಹುಳಿ ಹುಳಿ ಘಾಟು ಮೂಗಿಗಿ ಬಡೀತು. "ಅರ್ಧ ಚೀಲ ಹೋತ್ರಿ ಅತ್ತಿ" ಅಂತ ಆಕಿ ಮಿಡುಕಾಕತ್ತಿದ್ಳು. ನಾ ಅಲ್ಲೇ ಕಂಬಕ್ಕ ಬೆನ್ನ ಹಚ್ಚಿ ಕುಂತುಬಿಟ್ಟೆ. ಆ ಘಾಟು ನನಗ ಹೊಸಾದಲ್ಲ. ಕಲ್ಯಾಣಿ ಗುಡ್ಡದ ಮ್ಯಾಲಿನ ನಮ್ಮ ಮನಿ, ಅದಕ್ಕೂ ಮ್ಯಾಲಿನ ಮನ್ಯಾಗಿದ್ದ ಮೌಶಿ... ಎಷ್ಟು ವರ್ಷಾದ್ರೂ ಆಕಿ ನೆನಪಾದ್ರ ನನ್ನ ಹೊಟ್ಟಿ ಉರೀತೈತಿ.

ಈಗ ಬಸವಕಲ್ಯಾಣ ಅಂತೀವಿ, ಆಗ ಬರೇ ಕಲ್ಯಾಣಿ. ಜಗತ್ತಿನ ಎರಡನೇ ದೊಡ್ಡ ಲಡಾಯಿ ಸುರು ಆಗೂಕಿಂತ ಒಂದೆರಡು ವರ್ಷ ಮೊದಲ ಅಪ್ಪ ಹುಮನಾಬಾದ ಬಿಟ್ಟು ಅಲ್ಲಿ ದರ್ಜಿ ಅಂಗಡಿ ಹಾಕಿದ. ಊರೊಳಗಿನ ಸಪಾಟ ಜಾಗಾ ನಮ್ಮ ಕೈಗಿ ಎಟುಕಲಿಲ್ಲ. ಗುಡ್ಡದ ಇಳಿಜಾರಿನ್ಯಾಗ ಒಂದು ಮಣ್ಣಿನ ಮಾಳಗಿ ಮನಿ ಸಿಕ್ತು. ಸ್ವಂತದ್ದು. ಅವ್ವಗ ಎಷ್ಟು ಖುಷಿ ಅಂದ್ರ, ಬಾಗಲದ ಚೌಕಟ್ಟು ದಿನಾ ಒರಸತಿದ್ಳು. ಆದ್ರ ನಾವು ಬಯಲು ನೆಲದ ಮಂದಿ. ಗುಡ್ಡದ ಮ್ಯಾಲ ಮನಿ ಇಟ್ಟುಕೊಂಡು ಹ್ಯಾಂಗ ಬಾಳಬೇಕು ಅನ್ನೂದು ನಮಗೇನ ಗೊತ್ತಿತ್ತು, ಮಣ್ಣು?

ಕಲಿಸಿದಾಕಿ ಮೌಶಿ. ರಕ್ತಸಂಬಂಧ ಏನಿರಲಿಲ್ಲ. ನಮ್ಮ ಹಿತ್ತಲ ಮುಗದಲ್ಲಿ ಆಕಿ ಮನಿ ಸುರು. ನಾವು ಬಂಡಿಯಿಂದ ಸಾಮಾನು ಇಳಸೂ ದಿನಾನ ಮಜ್ಜಿಗಿ ತಂಬಗಿ ಹಿಡಕೊಂಡು ಇಳದು ಬಂದ್ಳು. ಅವ್ವಗ ತಂಗಿ ಅಂದ್ಳು, ಅವ್ವ ಅಕ್ಕಾ ಅಂದ್ಳು, ಅಷ್ಟಕ್ಕ ನನಗ ಮೌಶಿ, ಅಂದ್ರ ದೊಡ್ಡವ್ವ, ಆದ್ಳು.

"ಗುಡ್ಡದ ಮನೀದು ಮಾರಿ ನೋಡಬಾರದು ತಂಗಿ, ಬೆನ್ನು ನೋಡಬೇಕು" ಅಂತಿದ್ಳು. ಮಿರಗದ ಮಳಿಗಿ ಮೊದಲ ಹಿಂದಿನ ಗ್ವಾಡಿ ಉದ್ದಕ್ಕ ಕಾಲಿವಿ ತೋಡಿಸಿದ್ಳು, ಮ್ಯಾಲಿಂದ ಬರೂ ನೀರು ಗ್ವಾಡಿ ಮುಟ್ಟದಂಗ ಬಾಜೂಕ ಹರದು ಹೋಗಲಿ ಅಂತ. ಆ ಗ್ವಾಡಿ ಬುಡಕ್ಕ ಗಿಲಾವು ಮಾಡಾಕ ಹೊಂಟಿದ್ದ ಅಪ್ಪನ ಕೈ ಹಿಡದು ನಿಲ್ಲಿಸಿದ್ಳು, ಹಸಿ ಹೊರಗ ಬೀಳಾಕ ದಾರಿ ಬೇಕಂತ. ಮಣ್ಣು ಜಾರಬಾರದಂತ ಅಂಚಿಗಿ ಕಳ್ಳಿ ನೆಡಿಸಿದ್ಳು. ಮಾಳಗಿಗಿ ಹೊಸ ಮಣ್ಣು ಹಾಕೂ ದಿನ ಕಚ್ಚಿ ಹಾಕ್ಕೊಂಡು ತಾನ ಮ್ಯಾಲ ಹತ್ತಿ ತುಳದ್ಳು. ನಮ್ಮಪ್ಪ ಕೆಳಗ ನಿಂತು ನಗತಿದ್ದ.

ಆ ವರ್ಷ ಮಳಿ ಜೋರು. ನಮ್ಮ ಸಾಲಿನ್ಯಾಗ ಇನ್ನೊಬ್ಬರ ಹಿಂದಿನ ಗ್ವಾಡಿ ಹಾಡಹಗಲ ಕುಸದು ಬಿತ್ತು. ನಮ್ಮದು ನಿಂತಿತ್ತು. ಅವ್ವ ಹೋಗಿ ಮೌಶಿ ಕಾಲಿಗಿ ಬಿದ್ದಳು. ಅಲ್ಲಿಂದ ಆಕಿ ಮಾತಂದ್ರ ನಮ್ಮ ಮನ್ಯಾಗ ದೇವರ ಮಾತು. ನನಗಂತೂ ಆಕಿ ಮನೀನ ಮನಿ. ಹೇನು ನೋಡಾಕಿ ಆಕಿ, ಜಡಿ ಹಾಕಾಕಿ ಆಕಿ. ನಮ್ಮ ಹಿತ್ತಲಕ್ಕ ಹತ್ತಿದ್ದ ಆಕಿ ಮನೀ ಕೆಳಗಿನ ಕೋಣಿ ಮಾತ್ರ ಸದಾ ಹಸಿ. ಒಳಗ ಎಲ್ಲೋ ನೀರಿನ ಸೆಲಿ ಇತ್ತು. ಮಳಿಗಾಲ ಬಂತಂದ್ರ ನೆಲ ಜಿನುಗತಿತ್ತು, ಗ್ವಾಡಿಗಿ ಗೋಣಿತಟ್ಟು ಹೊಚ್ಚಿರತಿದ್ರು. ಆಕಿ ಗಂಡಗ ನಾವು ಕಾಕಾ ಅಂತಿದ್ದಿವಿ. ಆತ ಅದೇ ಕೋಣ್ಯಾಗ ಕೆಮ್ಮಕೋತ ಮಲಗಿರತಿದ್ದ.

ಲಡಾಯಿ ನಡದಾಗ ಕಾಳಿನ ತ್ರಾಸು ಸುರು ಆತು. ಪ್ಯಾಟ್ಯಾಗ ಜ್ವಾಳ ಸಿಗದಂಗಾತು. ಇದ್ದವರ ಮನಿಗಿ ಸರ್ಕಾರದ ಮಂದಿ ಬಂದು ಲೆವ್ಹಿ ಅಂತ ಎತ್ತಕೊಂಡು ಹೋಗತಿದ್ರು. ದುಬಲಗುಂಡ್ಯಾಗಿನ ನಮ್ಮ ತುಂಡು ಹೊಲದಾಗ ಬೆಳದ ಜ್ವಾಳಾನ ನಮಗ ವರ್ಷದ ರೊಟ್ಟಿ. ಅದನ್ನ ಕಾಯ್ದುಕೊಳ್ಳಾಕ ಹಗೇವು ತೋಡೂನು ಅಂದ ಅಪ್ಪ. ಹಗೇವು ಅಂದ್ರ ನೆಲದಾಗಿನ ಕಣಜ. ಒಳಗ ಸುತ್ತ ಜ್ವಾಳದ ದಂಟಿನ ಕಣಿಕಿ ಹಚ್ಚಿ, ಕಾಳು ತುಂಬಿ, ಬಾಯಿಗಿ ಕಲ್ಲು ಮುಚ್ಚಿ ಮಣ್ಣು ಎಳದ್ರ ಕಾಳು ಕೆಡೂದಿಲ್ಲ, ಯಾರ ಕಣ್ಣಿಗೂ ಬೀಳೂದಿಲ್ಲ. ಹುಮನಾಬಾದಿನ ರೂಢಿಯಂಗ ಅಪ್ಪ ಮನೀ ಮುಂದಿನ ಅಂಗಳದಾಗ ಹಾರಿ ಊರಿದ.

ಮೌಶಿ ಇಳದು ಬಂದ್ಳು.

"ಅಲ್ಲೆ ಬ್ಯಾಡ ತಮ್ಮಾ. ಮಳಿ ನೀರೆಲ್ಲಾ ಅಂಗಳಕ್ಕ ಇಳೀತೈತಿ. ಹಿತ್ತಲದಾಗ, ನಮ್ಮ ಗ್ವಾಡಿ ಬುಡಕ್ಕ ತೋಡು. ಎತ್ತರ ಜಾಗಾ, ಒಣಾ ಇರತೈತಿ."

ಬಯಲಾಗ ಹುಟ್ಟಿದವರಿಗಿ ಎತ್ತರ ಅಂದ್ರ ಒಣಾನ. ಅಪ್ಪ ತಿರುಗಿ ಒಂದು ಮಾತು ಕೇಳಲಿಲ್ಲ. ಮೌಶಿ ಒಲಿಯಾಗಿನ ಬೂದಿ ತಂದು, ಬರೋಬ್ಬರಿ ತೋಡೂ ಜಾಗಾಕ್ಕ ತನ್ನ ಕೈಯಾರೆ ಗುಂಡಗ ಗೆರಿ ಹಾಕಿಕೊಟ್ಟಳು.

ಬ್ಯಾಸಗ್ಯಾಗ ತುಂಬಿದ ಹಗೇವು ದೀವಳಗಿ ಮುಂದ ತೆಗದಿವಿ. ಕಲ್ಲು ಸರಸಿದ ಕೂಡಲೇ ಆ ಘಾಟು. ಒಳಗಿನ ಕೆಟ್ಟ ಗಾಳಿ ಹೋಗಲಿ ಅಂತ ಕಾದು, ದೀಪ ಇಳಿಬಿಟ್ಟು ನೋಡಿ ಅಪ್ಪ ಇಳದ. ಒಂದು ಬೊಗಸಿ ಮ್ಯಾಲ ಚಾಚಿದ. ಕರ್ರಗ, ಅಂಟಂಟು, ಮೊಳಕಿ ಬಂದು ಕೊಳತ ಮುದ್ದಿ. ಕೆಳಗ ಬರೇ ನೀರು ಅಂದ. ಅವ್ವ ಆ ಮುದ್ದಿ ಸೆರಗಿನ್ಯಾಗ ಇಸಗೊಂಡು ಒಂದೊಂದ ಕಾಳು ಆರಸಾಕ ನೋಡಿದ್ಳು... ಒಂದೂ ಗಟ್ಟಿ ಇರಲಿಲ್ಲ. ವರ್ಷದ ರೊಟ್ಟಿ ಹೋಗಿತ್ತು.

ಮರುದಿನ ಮೌಶಿ ಒಂದು ಬುಟ್ಟಿ ಜ್ವಾಳ ಹೊತ್ತುಕೊಂಡು ಬಂದ್ಳು. ಅವ್ವ ಆಕೀನ್ನ ತಬ್ಬಿಕೊಂಡು ಅತ್ತಳು. ಖಾಲಿ ಬುಟ್ಟಿ ತಿರುಗಿ ಕೊಡಬಾರದು ಅಂತ ಅದರಾಗ ಒಂದು ಬೊಗಸಿ ಹುಣಸಿಹಣ್ಣು ಹಾಕಿ ನನ್ನ ಕೈಯಾಗ ಕೊಟ್ಟು ಕಳಿಸಿದ್ಳು.

ಮೌಶಿ ಪಡಸಾಲ್ಯಾಗ ಕಾಣಲಿಲ್ಲ. ಕೆಳಗಿನ ಕೋಣಿಗಿ ಹೋದೆ. ಗ್ವಾಡಿ ಮ್ಯಾಲಿನ ಗೋಣಿತಟ್ಟು ಇರಲಿಲ್ಲ. ನೆಲ ಹೊಸದಾಗಿ ಸಾರಿಸಿತ್ತು, ಒಣಗಿತ್ತು. ಕಾಕಾ ಅದೇ ಗ್ವಾಡಿಗಿ ಬೆನ್ನು ಕೊಟ್ಟು ಎದ್ದು ಕುಂತು ಎಲಿ ತಿನ್ನಾಕತ್ತಿದ್ದ. ನಾ ಗ್ವಾಡಿ ಮುಟ್ಟಿ ನೋಡಿದೆ.

"ಹ್ಯಾಂಗ ಒಣಗೇತಿ ನೋಡವಾ" ಅಂದ ಕಾಕಾ, ಖುಷೀಲೆ. "ನಿಮ್ಮ ಮೌಶಿ ಮೊದಲ ಹೇಳಿದ್ಳು, ಕೆಳಗ ಒಂದು ತೆಗ್ಗು ಬಿದ್ರ ಸೆಲಿ ಅತ್ತ ತಿರಗತೈತಿ ಅಂತ."

ಅದರಾಗ ನಾವು ಕಾಳು ಇಟ್ಟಿದ್ದು, ಅದು ಕೊಳತಿದ್ದು, ಹಾಸಿಗಿ ಹಿಡದಿದ್ದ ಆ ಮನಷ್ಯಾಗ ಯಾರೂ ಹೇಳಿರಲಿಕ್ಕಿಲ್ಲ. ತಿರುಗಿ ನೋಡಿದ್ರ ಮೌಶಿ ಬಾಗಲದಾಗ ನಿಂತಿದ್ಳು. ಎಲ್ಲಾ ಕೇಳಿಸಿಕೊಂಡಿದ್ಳು. ಬುಟ್ಟಿ ಇಸಗೊಂಡು ಹುಣಸಿಹಣ್ಣು ನೋಡಿದ್ಳು. "ನೀರು ಎಲ್ಲೆರೆ ಹೋಗಬೇಕಲ್ಲವಾ ಮಗಳ" ಅಂದ್ಳು ಸಣ್ಣ ದನಿಲೆ. ಬಿಚ್ಚಿದ ನನ್ನ ಜಡೀಗಿ ಕೈ ಚಾಚಿದ್ಳು. ನಾ ಜಾಡಿಸಿಕೊಂಡು ಓಡಿ ಬಂದೆ.

ಮನ್ಯಾಗ ಹೇಳಿದೆ. ಅಪ್ಪ ನಂಬಲಿಲ್ಲ, ಮ್ಯಾಲ ಹೋಗಿ ತಾನ ನೋಡಿ ಬಂದು ಹಗೇವು ಮುಚ್ಚಾಕ ಸಲಿಕಿ ಹಿಡದ. ಆ ಬುಟ್ಟಿ ಜ್ವಾಳ ಹೊರಗ ಚೆಲ್ಲೂ ತಾಕತ್ತು ನಮಗಿರಲಿಲ್ಲ. ಅವ್ವ ಮೌಶೀನ್ನ ಬೈಕೋತ ಬೀಸಿದ್ಳು, ಬೈಕೋತ ರೊಟ್ಟಿ ಬಡದ್ಳು, ನಾವು ತಿಂದಿವಿ. ಅಪ್ಪ ಹಗೇವು ಮುಚ್ಚಿದ್ರೂ ಸೆಲಿ ದಾರಿ ಬಿಡಲಿಲ್ಲ. ಮುಂದಿನ ಮಳಿಗಾಲಕ್ಕ ನಮ್ಮ ಹಿಂದಿನ ಗ್ವಾಡಿ ಬಿರೀತು. ಹುಮನಾಬಾದಿಗಿ ತಿರುಗಿ ಬಂದಿವಿ, ಬಾಡಗಿ ಮನಿಗಿ. ಸ್ವಂತ ಮನಿ ಅಂತ ಅವ್ವ ಮತ್ತ ಕಾಣಲಿಲ್ಲ.

ಮೌಶಿ ಸತ್ತ ಸುದ್ದಿ ಬಂದಾಗ ಅವ್ವ ಮಣ್ಣಿಗಿ ಹೋಗಲಿಲ್ಲ. ಒಲಿ ಮುಂದ ಕುಂತು ಅತ್ತಳು, ಅಳಕೋತನ ಬೈದ್ಳು.

ಈಗ ಅವ್ವನೂ ಇಲ್ಲ. ಯಾರರೆ ಗುಡ್ಡದ ಮ್ಯಾಲ ಮನಿ ತೊಗೋತೀನಿ ಅಂತ ಬಂದ್ರ, ಬೆನ್ನು ನೋಡ್ರಿ, ಕಾಲಿವಿ ತೋಡ್ರಿ ಅಂತ ಹೇಳಾಕಿ ನಾನ. ಒಂದು ಬಿಟ್ಟು ಆಕಿ ಹೇಳಿದ್ದೆಲ್ಲಾ ಖರೇ ಇತ್ತು, ಅದಕ್ಕ ನನ್ನ ಸಿಟ್ಟು ಇನ್ನೂ ಇಳದಿಲ್ಲ. ನಮ್ಮನ್ನ ಕೇಳಬಾರದಿತ್ತಾ? ಒಂದು ಮಾತು ಅಂದಿದ್ರ ಕಾಕಾನ ಹಾಸಿಗಿ ನಮ್ಮ ಪಡಸಾಲ್ಯಾಗ ಹಾಸತಿದ್ದಿವಿ. ಅವ್ವ ಬ್ಯಾಡ ಅಂತಿರಲಿಲ್ಲ.