ದೊಡ್ಡಮ್ಮ ದೊಡ್ಡ ಬ್ರಷ್ಷು ಹಿಡಿದದ್ದು

ಎದುರಿಗೆ ಯಾರಾದರೂ ನಕ್ಕರೆ ನಮ್ಮ ದೊಡ್ಡಮ್ಮ ಮೊದಲು ನೋಡುತ್ತಿದ್ದದ್ದು ಅವರ ಹಲ್ಲನ್ನು. ಬಸ್ಸಿನಲ್ಲಿ ಮುಂದಿನ ಸೀಟಿನವರು ಆಕಳಿಸಿದರೆ ಸಾಕು, ನನ್ನ ಕಿವಿಯ ಹತ್ತಿರ ಬಗ್ಗಿ, "ಮೇಲಿನ ಎರಡು ಕಟ್ಟಿಸಿದ್ದು. ಬಣ್ಣ ಕೂಡಿಲ್ಲ ನೋಡು, ಪಾಪ," ಎನ್ನುತ್ತಿದ್ದಳು. ಅದು ಅವಳ ಕೆಟ್ಟ ಬುದ್ಧಿಯೇನಲ್ಲ, ಕಸುಬು. ಇಪ್ಪತ್ತೆಂಟು ವರ್ಷ ಅವಳು ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿಯ ಲ್ಯಾಬಿನಲ್ಲಿ ಕುಳಿತು ಹಲ್ಲು ಮಾಡಿದವಳು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಇವಳು ಪಿಂಗಾಣಿಯ ಪುಡಿಯನ್ನು ಕಲಸಿ, ಕೂದಲೆಳೆಯಂಥ ಬ್ರಷ್ಷಿನಿಂದ ಪದರದ ಮೇಲೆ ಪದರ ಕೂರಿಸಿ, ಅಂಗೈಯಗಲದ ಕುಲುಮೆಯಲ್ಲಿ ಸುಟ್ಟು, ತಿಕ್ಕಿ ಹೊಳಪು ಕೊಟ್ಟು ಕಳಿಸುತ್ತಿದ್ದಳು. ನಮಗೆಲ್ಲ ಬಿಳುಪೆಂದರೆ ಒಂದೇ. ಅವಳ ಮೇಜಿನ ಮೇಲೆ ಹದಿನಾರು ಮಾದರಿ ಹಲ್ಲುಗಳ ಒಂದು ಪಟ್ಟಿಯೇ ಇತ್ತು, ಒಂದರಂತೆ ಇನ್ನೊಂದಿಲ್ಲ.

ಅವಳು ನನ್ನ ಅಮ್ಮನ ಅಕ್ಕ. ದೊಡ್ಡಪ್ಪ ಲಿಫ್ಟು ರಿಪೇರಿ ಮಾಡುವವರು. ಅವರಿಗೆ ಮಕ್ಕಳಿರಲಿಲ್ಲ, ನಮ್ಮ ಮನೆ ಎರಡೇ ಬೀದಿಯಾಚೆ ಇದ್ದದ್ದರಿಂದ ನನ್ನಲ್ಲಿ ಅರ್ಧ ಪಾಲು ತಮ್ಮದೆಂದೇ ತಿಳಿದಿದ್ದರು. ಶಾಲೆ ಬಿಟ್ಟ ಮೇಲೆ ನಾನು ಹೋಗುತ್ತಿದ್ದದ್ದೂ ಅಲ್ಲಿಗೇ.

ದೊಡ್ಡಮ್ಮನಿಗೆ ಐವತ್ತೊಂದಾದ ವರ್ಷ ಕಣ್ಣು ಉರಿಯತೊಡಗಿತು. ಕಣ್ಣಿನ ಡಾಕ್ಟರು ತೊಟ್ಟು ಔಷಧಿ ಕೊಟ್ಟು, "ಗಂಟೆಗೊಂದ್ಸಲ ಕೆಲಸ ನಿಲ್ಸಿ, ಕಿಟಕಿಯಿಂದಾಚೆ ದೂರ ಇರೋದನ್ನ ಐದು ನಿಮಿಷ ನೋಡಿ. ಅದನ್ನೂ ಔಷಧಿ ಅಂತಲೇ ತಿಳ್ಕೊಳ್ಳಿ," ಎಂದರು. ದೊಡ್ಡಮ್ಮ ಔಷಧಿಯ ವಿಷಯದಲ್ಲಿ ಬಲು ಶಿಸ್ತು. ಗಡಿಯಾರ ನೋಡಿಕೊಂಡು ಕಿಟಕಿಗೆ ಹೋಗಿ ನಿಲ್ಲುತ್ತಿದ್ದಳು. ಎದುರಿಗಿದ್ದದ್ದು ಒಂದು ಲಾಡ್ಜಿನ ತಾರಸಿ, ಅದರ ಮೇಲೊಂದು ಹಗ್ಗ, ಹಗ್ಗದ ತುಂಬ ಒಗೆದ ಬಿಳಿ ಚಾದರಗಳು. ಬೇರೇನೂ ಇಲ್ಲ. ದಿನಕ್ಕೆ ಏಳೆಂಟು ಸಲ ಅದೇ ಚಾದರ ನೋಡಿ ನೋಡಿ, ಒಂದು ಸಂಜೆ ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದಳು:

"ಬೆಳಗ್ಗೆ ಒಂಬತ್ತೂವರೆಗೆ ಆ ಚಾದರ ನೀಲಿ ಇರತ್ತೆ ಕಣೆ. ಸಂಜೆ ಹೊತ್ತಿಗೆ ಹಲ್ಲಿನ ಬುಡದ ಹಳದಿ ಬಣ್ಣ ಬರತ್ತೆ. ಯಾರಿಗೂ ಹೇಳ್ಬೇಡ, ತಲೆ ಕೆಟ್ಟಿದೆ ಅಂತಾರೆ."

"ಬರೆದು ತೋರಿಸು ದೊಡ್ಡಮ್ಮ," ಎಂದೆ. ನಾನಾಗ ಒಂಬತ್ತನೆಯ ತರಗತಿ. ನನ್ನ ಹಳೆಯ ಬಣ್ಣದ ಡಬ್ಬಿ ತಂದುಕೊಟ್ಟೆ. ಹಳದಿ ಮುಗಿದಿತ್ತು, ಕಪ್ಪು ಬಿರುಕು ಬಿಟ್ಟಿತ್ತು.

ಲ್ಯಾಬಿನ ಸಣ್ಣ ಬ್ರಷ್ಷು ಹಿಡಿದು ಅವಳು ಆ ಚಿತ್ರಕ್ಕೆ ನಾಲ್ಕು ದಿನ ತೆಗೆದುಕೊಂಡಳು. ಮುಗಿದ ಮೇಲೆ ನೋಡಿದರೆ, ಹಗ್ಗಕ್ಕೆ ಯಾರೋ ಆರು ಹಲ್ಲು ಒಣಹಾಕಿದಂತಿತ್ತು. ನಾನು ನಗು ತಡೆಯಲು ಕೆನ್ನೆ ಕಚ್ಚಿಕೊಂಡೆ. ದೊಡ್ಡಪ್ಪ ಕನ್ನಡಕ ಹಣೆಗೇರಿಸಿ ನೋಡಿದರು.

"ಬಟ್ಟೆ ಹಾಗಿರಲಿ, ಕಟ್ಟಡ ಬೀಳತ್ತೆ."

"ಯಾವ ಕಟ್ಟಡ?"

"ನೀನು ಬರೆದಿರೋದೇ. ಎಡಕ್ಕೆ ವಾಲಿದೆ. ಇದರಲ್ಲಿ ಲಿಫ್ಟ್ ಹಾಕಿದ್ರೆ ಮೊದಲನೇ ಮಹಡಿನೂ ದಾಟಲ್ಲ, ಗೋಡೆಗೆ ಸಿಕ್ಕಿಹಾಕ್ಕೊಳತ್ತೆ."

ದೊಡ್ಡಮ್ಮ ಎರಡು ದಿನ ಅವರೊಂದಿಗೆ ಮಾತು ಬಿಟ್ಟಳು. ಊಟದ ತಟ್ಟೆ ಮೇಜಿನ ಮೇಲೆ ಕುಕ್ಕಿದ ಸದ್ದಿನಿಂದಲೇ ಅಡುಗೆಯಾಗಿದೆಯೆಂದು ಅವರು ತಿಳಿದುಕೊಳ್ಳಬೇಕಿತ್ತು. ಮೂರನೆಯ ದಿನ ದೊಡ್ಡಪ್ಪ ತಮ್ಮ ಸಾಮಾನಿನ ಚೀಲದಿಂದ, ಗೋಡೆ ನೆಟ್ಟಗಿದೆಯೇ ಎಂದು ನೋಡುವ ತೂಕದ ಗುಂಡು ತೆಗೆದು, ದಾರ ಕಟ್ಟಿ, ಕಿಟಕಿಯ ಮೇಲಿನ ಮೊಳೆಗೆ ಇಳಿಬಿಟ್ಟರು. "ನಾನೇನೂ ಹೇಳ್ತಿಲ್ಲಪ್ಪ. ಸುಮ್ನೆ ತೂಗುಹಾಕಿದೀನಿ," ಎಂದು ಪೇಪರಿನ ಹಿಂದೆ ಅಡಗಿದರು. ದೊಡ್ಡಮ್ಮ ಬಹಳ ಹೊತ್ತು ಆ ದಾರವನ್ನೂ ಅದರಾಚೆಯ ಮನೆಗಳ ಮೂಲೆಗಳನ್ನೂ ನೋಡಿದಳು. ಆಮೇಲೆ ಅವಳ ಚಿತ್ರಗಳಲ್ಲಿ ಯಾವ ಕಟ್ಟಡವೂ ಬೀಳಲಿಲ್ಲ.

ಒಂದು ವರ್ಷ ಹೀಗೆ ನಡೆಯಿತು. ಪೋಸ್ಟ್‌ಕಾರ್ಡಿನಷ್ಟು ಕಾಗದದ ಮೇಲೆ ಬೀಗದ ಕೈ, ಬಾಚಣಿಗೆ, ದೊಡ್ಡಪ್ಪನ ಚಪ್ಪಲಿ. ಬಾಚಣಿಗೆಯ ಒಂದು ಹಲ್ಲು ಮುರಿದಿದ್ದರೆ ಅದೂ ಲೆಕ್ಕ ತಪ್ಪದೆ ಬಂದಿರುತ್ತಿತ್ತು. ನೋಡಿದವರೆಲ್ಲ "ಅಬ್ಬಾ, ಎಷ್ಟು ನೀಟು!" ಎನ್ನುತ್ತಿದ್ದರು. ಆ ಮಾತು ಅವಳ ತಲೆಗೆ ಸ್ವಲ್ಪ ಏರಿತ್ತೆಂದೇ ಹೇಳಬೇಕು. ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ಭಾನುವಾರ ಚಿತ್ರ ಕಲಿಸುತ್ತಾರೆಂದು ತಿಳಿದಾಗ, ಎಲ್ಲ ಚಿತ್ರಗಳನ್ನೂ ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಕೊಂಡು ಹೊರಟಳು. ಹೊಗಳಿಸಿಕೊಳ್ಳಲೆಂದೇ ಹೋದದ್ದು. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದಳು.

ಕಲಿಸುತ್ತಿದ್ದ ಮೇಷ್ಟ್ರು ಮೊದಲು ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು. ಏಣಿಯ ಮೇಲೆ ನಿಂತು ಆಳೆತ್ತರದ ಅಕ್ಷರ ಬರೆದು ಅಭ್ಯಾಸವಾದ ಮನುಷ್ಯ. ಮಾತೂ ಹಾಗೇ, ಬೀದಿಯಾಚೆಗೂ ಕೇಳಿಸುವಂಥದ್ದು. ಡಬ್ಬಿ ತೆರೆದು ಒಂದೊಂದೇ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದರು.

"ಅಮ್ಮಾ, ಇದನ್ನ ನೋಡೋಕೆ ಭೂತಗನ್ನಡಿನೂ ನೀವೇ ಕೊಡ್ತೀರಾ?"

ಇಡೀ ಕೋಣೆ ನಕ್ಕಿತು.

"ಕೈ ಚೆನ್ನಾಗಿ ಪಳಗಿದೆ, ಇಲ್ಲ ಅನ್ನಲ್ಲ. ಆದ್ರೆ ನೀವು ಬಣ್ಣ ಹಚ್ತಾ ಇಲ್ಲ, ಪಾಲಿಶ್ ಮಾಡ್ತಾ ಇದೀರಿ." ಎರಡಿಂಚಿನ ಚಪ್ಪಟೆ ಬ್ರಷ್ಷೊಂದನ್ನು ಅವಳ ಕೈಗಿತ್ತು, ದಿಂಬಿನಷ್ಟು ದೊಡ್ಡ ಕಾಗದ ಮುಂದಿಟ್ಟರು. "ಆ ಕುರ್ಚಿ ಬರೀರಿ. ಹತ್ತು ನಿಮಿಷ."

ಅವಳು ಬ್ರಷ್ಷನ್ನು ಸೌಟು ಹಿಡಿದಂತೆ ಹಿಡಿದಳು. ಬಣ್ಣ ಹರಿದು ಕೆಳಗಿಳಿಯಿತು, ಒರೆಸಲು ಹೋದರೆ ಇನ್ನೊಂದರ ಜೊತೆ ಸೇರಿ ಕೆಸರಾಯಿತು. ಹತ್ತು ನಿಮಿಷ ಮುಗಿದಾಗ ಕಾಗದದ ಮೇಲೆ ಕುರ್ಚಿ ಇರಲಿಲ್ಲ, ಕೊಚ್ಚೆ ಇತ್ತು. ಮನೆಗೆ ಬಂದು ನನ್ನ ಅಮ್ಮನ ಮುಂದೆ ಅತ್ತಳು. "ಇಪ್ಪತ್ತು ವರ್ಷ ಒಂದು ಹಲ್ಲೂ ವಾಪಸ್ ಬರದ ಹಾಗೆ ಕೆಲಸ ಮಾಡಿದ ಕೈ ಕಣೆ ಇದು. ಅದನ್ನ ಹಿಡ್ಕೊಂಡು ನಕ್ಕರಲ್ಲೇ." ಭಾನುವಾರದ ಕ್ಲಾಸು ಅಲ್ಲಿಗೆ ನಿಂತಿತು. ಮೇಷ್ಟ್ರು ಕೊಟ್ಟ ಬ್ರಷ್ಷಿನಿಂದ ಟೀವಿಯ ಮೇಲಿನ ಧೂಳು ಹೊಡೆಯತೊಡಗಿದಳು.

ಎರಡು ತಿಂಗಳಾಗಿರಬೇಕು, ದೊಡ್ಡಪ್ಪ ಬಿದ್ದರು. ಹದಿನಾಲ್ಕು ಮಹಡಿಯ ಕಟ್ಟಡಗಳಲ್ಲಿ ಲಿಫ್ಟಿನ ನೆತ್ತಿಯ ಮೇಲೆ ನಿಂತು ಮೇಲೆ ಕೆಳಗೆ ಓಡಾಡಿದ ಮನುಷ್ಯ ಬಿದ್ದದ್ದು ಮನೆಯ ಬಚ್ಚಲಿನಲ್ಲಿ, ಸೋಪಿನ ಮೇಲೆ ಕಾಲಿಟ್ಟು. ಮೊಣಕಾಲಿನ ಕೆಳಗೆ ಎಲುಬು ಮುರಿಯಿತು. ಕಾಲಿಗೆ ಪ್ಲಾಸ್ಟರು ಹಾಕಿ, ಆರು ವಾರ ಹಾಸಿಗೆ ಬಿಟ್ಟು ಏಳಬಾರದೆಂದರು.

ಅವರಂಥ ಕೆಟ್ಟ ರೋಗಿಯನ್ನು ನಾನು ನೋಡಿಲ್ಲ. ದೊಡ್ಡಮ್ಮ ರಜೆ ಹಾಕಿ ಕಾವಲು ಕೂತಿದ್ದಳು, ಆದರೂ ಹೊರಗೆ ಅವರ ಅಪಾರ್ಟ್‌ಮೆಂಟಿನ ಲಿಫ್ಟು ಸದ್ದು ಮಾಡಿದರೆ ಎದ್ದು ಹೊರಟುಬಿಡುತ್ತಿದ್ದರು. "ಎರಡನೇ ಮಹಡಿ ಬಾಗಿಲು ಸರಿಯಾಗಿ ಕೂಡ್ತಿಲ್ಲ, ಕೇಳಿಸ್ತಾ?" ನಮಗೆ ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ. ಮೂರನೆಯ ದಿನ ಒಂಟಿ ಕಾಲಿನಲ್ಲಿ ಕುಂಟುತ್ತ ಬಾಗಿಲ ತನಕ ಹೋಗಿದ್ದರು. ದೊಡ್ಡಮ್ಮ ಹಿಡಿದು ತಂದು ಮಲಗಿಸಿ, ಬೇರೆ ಉಪಾಯ ಕಾಣದೆ, "ಅಲ್ಲಾಡ್ಬೇಡಿ. ನಿಮ್ಮ ಚಿತ್ರ ಬರೀತೀನಿ," ಎಂದಳು.

ದೊಡ್ಡಪ್ಪ ತಕ್ಷಣ ತಣ್ಣಗಾದರು. "ಹಾಗಾದ್ರೆ ನಾಳೆ ಬರಿ. ಗಡ್ಡ ಮಾಡ್ಕೋಬೇಕು."

ಮರುದಿನ ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕುತ್ತಿಗೆಯ ಗುಂಡಿಯನ್ನೂ ಹಾಕಿಕೊಂಡು ದಿಂಬಿಗೊರಗಿ ಕುಳಿತರು. ಗುರುತಿನ ಚೀಟಿಯ ಫೋಟೊದ ಮುಖ. ಇವಳು ಸಣ್ಣ ಬ್ರಷ್ಷಿನಲ್ಲಿ ಒಂದು ಹುಬ್ಬು ಮುಗಿಸುವಷ್ಟರಲ್ಲಿ ಅವರಿಗೆ ತುರಿಕೆ, ಬಾಯಾರಿಕೆ, ಪೇಪರು ಎಲ್ಲಿ, ಯಾರದು ಫೋನು. ಐದು ದಿನಕ್ಕೆ ಐದು ಹುಬ್ಬುಗಳಾದವು. ಆರನೆಯ ದಿನ ದೊಡ್ಡಮ್ಮನ ತಾಳ್ಮೆ ಕೆಟ್ಟಿತು. ಸೀದಾ ಟೀವಿಯ ಹತ್ತಿರ ಹೋಗಿ, ಧೂಳಿನ ಬ್ರಷ್ಷು ತೆಗೆದು, ನಲ್ಲಿಯ ಕೆಳಗೆ ತೊಳೆದು ತಂದಳು. ಒಂದು ನಿಮಿಷ ಸುಮ್ಮನಿರದ ಗಂಡನನ್ನು ಒಂದು ನಿಮಿಷದಲ್ಲೇ ಬರೆಯಬೇಕಲ್ಲ!

ಮೊದಲಿನವು ನೋಡುವಂತಿರಲಿಲ್ಲ. ಅವಳೇ ನಗುತ್ತಿದ್ದಳು. ಆದರೆ ಈಗ ಹೆದರಿಕೆ ಇರಲಿಲ್ಲ. ನಗಲು ಮನೆಯವರು ಬಿಟ್ಟರೆ ಬೇರೆ ಯಾರಿದ್ದರು? ಶಾಲೆಯಿಂದ ಬಂದು ನೋಡಿದರೆ ನೆಲದ ಮೇಲೆ, ಫ್ರಿಜ್ಜಿನ ಮೇಲೆ, ದೊಡ್ಡಪ್ಪನ ಪ್ಲಾಸ್ಟರಿನ ಕಾಲಿನ ಮೇಲೂ ಚಿತ್ರಗಳು ಆರುತ್ತಿದ್ದವು. "ನೋಡ್ಕೊಂಡು ಕಾಲಿಡು ಪುಟ್ಟಿ," ಎನ್ನುತ್ತಿದ್ದರು ದೊಡ್ಡಪ್ಪ, "ಈ ಮನೇಲಿ ಈಗ ನಾನೇ ಹನ್ನೊಂದು ಜನ ಇದೀನಿ."

ನಾಲ್ಕನೆಯ ವಾರದ ಒಂದು ಮಧ್ಯಾಹ್ನ. ಅಮ್ಮ ಕಳಿಸಿದ ಸಾರಿನ ಪಾತ್ರೆ ಹಿಡಿದು ನಾನು ಕೋಣೆಯ ಬಾಗಿಲಿಗೆ ಬಂದಿದ್ದೆ. ಹೊರಗೆ ಲಿಫ್ಟು ಏನೋ ಅಂದಿತು. ದೊಡ್ಡಪ್ಪ ದಿಂಬಿನಿಂದ ತಲೆಯೆತ್ತಿ, ಕುತ್ತಿಗೆ ಓರೆ ಮಾಡಿ, ನಮ್ಮನ್ನೆಲ್ಲ ಸುಮ್ಮನಿರಿಸಲು ಒಂದು ಕೈ ಗಾಳಿಯಲ್ಲಿ ಎತ್ತಿ ಹಿಡಿದರು. ಕಣ್ಣು ಎಲ್ಲೂ ನೋಡುತ್ತಿರಲಿಲ್ಲ. ಇಡೀ ಮನುಷ್ಯ ಬರೀ ಕಿವಿಯಾಗಿದ್ದರು. ದೊಡ್ಡಮ್ಮ ನನ್ನತ್ತ ತಿರುಗದೆಯೇ "ಅಲ್ಲೇ ನಿಲ್ಲು" ಎಂದಳು. ಆ ದನಿ ನಾನು ಅದುವರೆಗೆ ಕೇಳದ ದನಿ. ಕಂದು, ನೀಲಿ, ಮತ್ತೆ ಕಂದು. ಮೊಣಕೈಯಿಂದಲ್ಲ, ಭುಜದಿಂದ ಕೈ ಆಡುತ್ತಿತ್ತು. ದಿಂಬಿಗೂ ಪ್ಲಾಸ್ಟರಿಗೂ ಅವಳು ಬಣ್ಣವನ್ನೇ ಮುಟ್ಟಿಸಲಿಲ್ಲ, ಕಾಗದವನ್ನು ಹಾಗೇ ಬಿಟ್ಟಳು. ಅಂಚಿಗೆ ಒಂದಿಷ್ಟು ತೆಳು ನೀಲಿ ಎಳೆದಳು, ಅಷ್ಟೆ. ಪಾತ್ರೆ ನನ್ನ ಕೈ ಸುಡುತ್ತಿತ್ತು.

ಮುಗಿಸಿ ನೆಲಕ್ಕೆ ಕುಸಿದು ಕುಳಿತಳು. ಬ್ರಷ್ಷಿನಿಂದ ನೀರು ಮಡಿಲಿಗೆ ತೊಟ್ಟಿಕ್ಕುತ್ತಿದ್ದರೂ ಅವಳಿಗೆ ಪರಿವೆಯಿಲ್ಲ. ನಾನು ಹತ್ತಿರ ಹೋಗಿ ನೋಡಿದೆ. ನೋಡಿದವಳು ಉಸಿರು ಬಿಗಿಹಿಡಿದು ನಾನೂ ಕಿವಿಗೊಟ್ಟೆ.

ದೊಡ್ಡಪ್ಪನಿಗೆ ತೋರಿಸಿದಾಗ ತಮ್ಮ ಕೆನ್ನೆ ಸವರಿಕೊಂಡರು. "ಇಷ್ಟು ವಯಸ್ಸಾಗಿದೆಯೇನೆ ನನಗೆ?"

"ಆಗಿದೆ."

"ಮತ್ತೆ ನಿನಗೆ?"

"ನನ್ನನ್ನ ಯಾರೂ ಬರೆದಿಲ್ಲವಲ್ಲ, ಗೊತ್ತಿಲ್ಲ."

ಪ್ಲಾಸ್ಟರು ಬಿಚ್ಚಿದ ಮರುವಾರವೇ ಆ ಚಿತ್ರ ಸುತ್ತಿಕೊಂಡು ಅವಳು ಭಾನುವಾರದ ಕ್ಲಾಸಿಗೆ ಹೋದಳು. ನಾನೂ ಹೋದೆ, ಯಾರಾದರೂ ನಕ್ಕರೆ ಜಗಳಕ್ಕೆ ನಿಲ್ಲುವುದೆಂದು ತೀರ್ಮಾನಿಸಿಯೇ ಹೋಗಿದ್ದೆ. ಮೇಷ್ಟ್ರು ಚಿತ್ರವನ್ನು ಗೋಡೆಗೆ ಅಂಟಿಸಿ, ಹಿಂದೆ ಹಿಂದೆ ಸರಿದು, ಬಾಗಿಲ ಹತ್ತಿರ ನಿಂತು ನೋಡಿದರು.

"ಎತ್ತಿರೋ ಕೈ ಬದನೆಕಾಯಿ ಹಾಗಿದೆ," ಎಂದರು. ಇನ್ನೂ ಸ್ವಲ್ಪ ನೋಡಿ, ಎಂದಿಗಿಂತ ಮೆಲ್ಲಗೆ, "ಇರ್ಲಿ. ಇನ್ನು ಏನೂ ಮುಟ್ಟಬೇಡಿ ಇದನ್ನ," ಎಂದರು. ಆಮೇಲೆ, "ನನ್ನ ಬ್ರಷ್ಷು ಎಲ್ಲಿ? ನಾಲ್ಕು ತಿಂಗಳಾಯ್ತು," ಎಂದು ಕೇಳಿದರು. ದೊಡ್ಡಮ್ಮ ಕೊಡಲಿಲ್ಲ. ಹೊಸದೊಂದು ಕೊಂಡುಕೊಟ್ಟಳು.

ಆ ವರ್ಷ ಕ್ಲಾಸಿನವರೆಲ್ಲ ಸೇರಿ ಗ್ರಂಥಾಲಯದ ಕಾರಿಡಾರಿನಲ್ಲಿ ಚಿತ್ರಗಳನ್ನು ತೂಗುಹಾಕಿದರು. ದೊಡ್ಡಮ್ಮನದಕ್ಕೆ ಕುಡಿಯುವ ನೀರಿನ ಫಿಲ್ಟರಿನ ಪಕ್ಕ ಜಾಗ ಸಿಕ್ಕಿತು. ಅವಳಿಗೆ ಬೇಸರವಾಗಿತ್ತು, ಆದರೆ ಬಾಯಾರಿದವರೆಲ್ಲ ಅದನ್ನು ನೋಡಲೇಬೇಕಾಯಿತು. ಲೋಟ ಹಿಡಿದ ಹೆಂಗಸೊಬ್ಬಳು ತನ್ನ ಗೆಳತಿಗೆ, "ಯಾರೋ ಕರೀತಿದಾರೆ ಅಲ್ವಾ? ಪಾಪ, ಕೇಳಿಸ್ಕೊಳ್ತಿದಾರೆ ನೋಡು," ಎಂದಳು. ದೊಡ್ಡಮ್ಮ ನನ್ನ ಕೈಯನ್ನು ನೋಯುವಷ್ಟು ಅದುಮಿದಳು. ಅಷ್ಟರಲ್ಲಿ ಊರುಗೋಲೂರಿ ಚಿತ್ರದ ಪಕ್ಕದಲ್ಲೇ ನಿಂತಿದ್ದ ದೊಡ್ಡಪ್ಪ, "ಕರೆದಿದ್ದಲ್ಲಮ್ಮ, ಲಿಫ್ಟಿನ ಬಾಗಿಲು," ಎಂದು ಆರಂಭಿಸಿ ಆ ಇಬ್ಬರಿಗೂ ಬಾಗಿಲು ಹೇಗೆ ಕೂಡಬೇಕೆಂದು ವಿವರಿಸಿದರು. "ನನ್ನ ಚಿತ್ರದ ಮುಂದೆ ನಿಂತ್ಕೊಂಡು ನಿಮ್ಮ ಲಿಫ್ಟಿನ ಪಾಠ ಮಾಡ್ತೀರಲ್ಲ," ಎಂದು ದೊಡ್ಡಮ್ಮ ಅವರ ತೋಳು ಹಿಡಿದು ಬೆಂಚಿಗೆ ಕೂರಿಸಿದಳು.

ಲ್ಯಾಬಿನ ಮೇಲ್ವಿಚಾರಕರೂ ಬಂದಿದ್ದರು. ಬಗ್ಗಿ ನೋಡಿ, "ಏನಮ್ಮಾ, ಬಾಯಿ ಮುಚ್ಚಿಸಿಬಿಟ್ಟಿದೀರಿ? ಹಲ್ಲೇ ಕಾಣ್ತಿಲ್ಲ," ಎಂದರು.

"ರಜದಲ್ಲಿ ಬರೆದಿದ್ದು ಸಾರ್," ಎಂದಳು.

ಆಮೇಲೆ ಒಂದು ವರ್ಷವಿಡೀ ಅವಳು ಕೈಗಳನ್ನೇ ಬರೆದಳು. ಬದನೆಕಾಯಿಯ ಮಾತು ಅವಳನ್ನು ಬಿಟ್ಟಿರಲಿಲ್ಲ. ಪರೀಕ್ಷೆಗೆ ಓದುವ ನನ್ನ ಕೈ, ಬಟಾಣಿ ಬಿಡಿಸುವ ಅಮ್ಮನ ಕೈ, ಬಸ್ಸಿನ ಕಂಬಿ ಹಿಡಿದ ಗುರುತಿಲ್ಲದವರ ಕೈ. ಒಮ್ಮೆ ಸ್ಪರ್ಧೆಯೊಂದಕ್ಕೆ ಕಳಿಸಿದ ಚಿತ್ರ ಸುಕ್ಕಾಗಿ ವಾಪಸಾಯಿತು. ಒಂದು ಸಂಜೆ ಮಂಕಾಗಿ ಕುಳಿತಿದ್ದು, ಮರುದಿನ ಅದರ ಬೆನ್ನ ಮೇಲೆ ಹೂಕೋಸು ಬರೆದಳು. ಬಹುಮಾನ ಅವಳಿಗೆ ಇಂದಿಗೂ ಬಂದಿಲ್ಲ.

ಈಗ ಅವಳಿಗೆ ಅರವತ್ತಮೂರು. ಲ್ಯಾಬಿನ ಕೆಲಸ ಬಿಟ್ಟು ಮೂರು ವರ್ಷವಾಯಿತು. ಮಡಚುವ ಕುರ್ಚಿಯೊಂದನ್ನು ದೊಡ್ಡಪ್ಪನ ಹೆಗಲಿಗೇರಿಸಿ ದಿನಾ ಬೆಳಗ್ಗೆ ಪಾರ್ಕಿಗೆ ಹೋಗುತ್ತಾಳೆ. ಮರ ಕಲಿಯುತ್ತಿದ್ದಾಳೆ. ಹೋದ ತಿಂಗಳು ನಾನೂ ಜೊತೆಗಿದ್ದೆ. ವಾಕಿಂಗಿಗೆ ಬಂದ ಯುವಕನೊಬ್ಬ ಅವಳ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿ, ಗೌರವದಿಂದ, "ಮೇಡಂ, ನೀವು ಆರ್ಟಿಸ್ಟಾ?" ಎಂದು ಕೇಳಿದ.

"ಕಲೀತಿದೀನಪ್ಪ," ಎಂದಳು ದೊಡ್ಡಮ್ಮ, ಕಾಗದದಿಂದ ಕಣ್ಣು ತೆಗೆಯದೆ. "ಸ್ವಲ್ಪ ಆ ಕಡೆ ನಿಂತ್ಕೊ, ನೆರಳು ಬೀಳ್ತಿದೆ."