ಬಣ್ಣದಪ್ಪನ ಸವೆಯದ ಗಟ್ಟಿ

ಬಣ್ಣದಪ್ಪನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಬೋಟುಗಳು ನಿಲ್ಲುವ ಜೆಟ್ಟಿಯಲ್ಲಿ ಯಾರಾದರೂ ಆ ಹೆಸರು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಕೈಗೆ ಬ್ರಷ್ಷು ಸಿಕ್ಕಿತೆಂದರೆ ಮುಗಿಯಿತು, ಕಣ್ಣಿಗೆ ಬಿದ್ದದ್ದಕ್ಕೆಲ್ಲ ಬಳಿಯಲೇಬೇಕು. ಮನೆಯ ಕಿಟಕಿ ಸರಳು ನೀಲಿ, ನೀರಿನ ಡ್ರಮ್ಮು ನೀಲಿ, ಬಾಗಿಲ ಚಿಲಕವೂ ನೀಲಿ. ಚಿಲಕಕ್ಕೆ ಎಷ್ಟು ಪದರ ಬಿದ್ದಿತ್ತೆಂದರೆ ಅದನ್ನು ಸರಿಸಲು ಸುತ್ತಿಗೆ ಬೇಕಾಗುತ್ತಿತ್ತು. "ಒಂದೇ ಕಡೆ ಬಹಳ ಹೊತ್ತು ಕೂತಿರಬೇಡಿ, ನಿಮಗೂ ಬಳಿದುಬಿಡ್ತಾರೆ" ಎಂದು ಹೆಂಡತಿ ಮನೆಗೆ ಬಂದವರನ್ನು ಎಚ್ಚರಿಸುತ್ತಿದ್ದಳು.

ಹೊಟ್ಟೆಪಾಡಿಗೆ ಅವನು ಬೋಟು ಓಡಿಸುತ್ತಿದ್ದ. ನದಿ ಸಮುದ್ರ ಸೇರುವ ಉಪ್ಪುನೀರಿನಲ್ಲಿ ಈ ದಡದವರನ್ನು ಆ ದಡಕ್ಕೆ ಮುಟ್ಟಿಸುವುದು, ಆ ದಡದವರನ್ನು ಈ ದಡಕ್ಕೆ ತರುವುದು. ಎಂಜಿನ್ನು ಬೋಟಿನ ಒಳಗಿತ್ತು. ಅದರ ಶಕ್ತಿಯನ್ನು ನೀರೊಳಗಿನ ಫ್ಯಾನಿಗೆ ಮುಟ್ಟಿಸುವ ಅಲ್ಯೂಮಿನಿಯಂ ಭಾಗ ಹಿಂಬದಿಯಿಂದ ನೀರಿಗೆ ಇಳಿದಿತ್ತು. ಕಂಪನಿಯವರು ಅದನ್ನು ಸ್ಟರ್ನ್‌ಡ್ರೈವ್ ಅನ್ನುತ್ತಾರೆ. ಜೆಟ್ಟಿಯವರ ಬಾಯಲ್ಲಿ ಅದು ಬೋಟಿನ ಕಾಲು. ಕಾಲಿನ ಪಕ್ಕದಲ್ಲೇ ಒಂದು ಸತುವಿನ ಗಟ್ಟಿ, ಗಟ್ಟಿಯಿಂದ ಕಾಲಿಗೆ ಗೇಣುದ್ದದ ಒಂದು ವೈರು. ಇವೆರಡೂ ಯಾಕಿವೆ ಎಂದು ಬಣ್ಣದಪ್ಪ ಎಂದೂ ತಲೆ ಕೆಡಿಸಿಕೊಂಡವನಲ್ಲ. ಬಳಿಯಲು ಇನ್ನಷ್ಟು ಜಾಗ ಸಿಕ್ಕಿತಲ್ಲ, ಅಷ್ಟು ಸಾಕಾಗಿತ್ತು. ಬೋಟನ್ನು ದಡಕ್ಕೆ ಎಳೆದಾಗಲೆಲ್ಲ ಗಟ್ಟಿಗೆ ಬಳಿಯುತ್ತಿದ್ದ. ವೈರಿನ ಬೋಲ್ಟು ಬಿಚ್ಚಿ ಅದರ ಅಡಿಗೂ ಬಳಿದು, ಒಣಗಲು ಬಿಟ್ಟು, ಮತ್ತೆ ವೈರು ಕೂರಿಸಿ ಬಿಗಿಯುತ್ತಿದ್ದ. ಅಂಥ ಶ್ರದ್ಧೆ ಅವನದು!

ಪಕ್ಕದಲ್ಲೇ ಅವನ ಭಾವನ ಬೋಟು, ಅಂದರೆ ಹೆಂಡತಿಯ ಅಣ್ಣನದು. ಭಾವನ ಬಾಯಿಂದ ಮಾತು ಹೊರಡಿಸುವುದೆಂದರೆ ತುಕ್ಕು ಹಿಡಿದ ನಟ್ಟು ಬಿಚ್ಚಿದಷ್ಟೇ ಕಷ್ಟ. ಅವನ ಬೋಟಿನ ಗಟ್ಟಿ ಅಳಿಲು ಕಚ್ಚಿದ ಸೀಬೆಹಣ್ಣಿನಂತೆ ಅರ್ಧಂಬರ್ಧ ಸವೆದಿರುತ್ತಿತ್ತು.

"ನನ್ನ ಗಟ್ಟಿ ನೋಡಿ ಭಾವ, ತಂದಾಗ ಹೇಗಿತ್ತೋ ಈಗಲೂ ಹಾಗೇ ಇದೆ. ನಿಮ್ಮದು ನೋಡಿದ್ರೆ ಊಟ ಸೇರಲ್ಲ" ಎಂದು ಬಣ್ಣದಪ್ಪ ಬೀಗುತ್ತಿದ್ದ.

"ಅದು ಸವೀಬೇಕು ಕಣಯ್ಯ" ಎಂದು ಭಾವ ಒಮ್ಮೆ ಹೇಳಿದ್ದುಂಟು. ಮೈಗಳ್ಳರಿಗೆ ಎಂಥೆಂಥ ನೆಪ ಹೊಳೆಯುತ್ತದೆ ಎಂದು ಬಣ್ಣದಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ನಕ್ಕು ಸುಮ್ಮನಾಗದೆ, ತಾನೇ ಭಾವನ ಬೋಟಿಗೆ ಬಣ್ಣ ಹೊಡೆದುಕೊಡುತ್ತೇನೆಂದು ಡಬ್ಬಿ ಹಿಡಿದು ಹೋದ. "ಆ ಬ್ರಷ್ಷು ನನ್ನ ಬೋಟಿನ ಹತ್ತಿರ ಬಂದ್ರೆ ನೀರಿಗೆ ಎಸೀತೀನಿ. ಬ್ರಷ್ಷನ್ನಲ್ಲ, ನಿನ್ನನ್ನ" ಎಂದ ಭಾವ. ಅಂದಿನಿಂದ ಇಬ್ಬರೂ ಮುಖ ಊದಿಸಿಕೊಂಡು ಓಡಾಡತೊಡಗಿದರು.

ಆ ವರ್ಷ ಬೋಟನ್ನು ದಡಕ್ಕೆ ಎಳೆದಾಗ ಕಾಲಿನ ಮೇಲೆ ಬಣ್ಣ ಅಲ್ಲಲ್ಲಿ ಉಬ್ಬಿತ್ತು. ಬಣ್ಣದಪ್ಪ ಬೆರಳಿಂದ ಒತ್ತಿದ. ಬಿಳಿ ಪುಡಿ ಉದುರಿ, ಒಳಗೆ ಬೆರಳ ತುದಿ ಇಳಿಯುವಷ್ಟು ಗುಂಡಿ ಕಾಣಿಸಿತು. ಇನ್ನೊಂದು ಕಡೆ ಒತ್ತಿದ, ಅಲ್ಲೂ ಗುಂಡಿ. ಇದಕ್ಕೂ ಮೊದಲಿದ್ದ ಕಾಲು ಹೀಗೇ ಹಾಳಾಗಿ, ಅವನು ಈ ಹೊಸದನ್ನು ಹಾಕಿಸಿದ್ದ. ತಾನು ಮಗುವಿನಂತೆ ನೋಡಿಕೊಂಡ ಕಾಲಿಗೆ ಈ ಗತಿ. ಬ್ರಷ್ಷಿನ ಮುಖವನ್ನೇ ಕಾಣದ ಭಾವನ ಬೋಟಿನ ಕಾಲು ಮಾತ್ರ ಗಟ್ಟಿಮುಟ್ಟು! ಯೋಚಿಸಲು ಇನ್ನೇನಿತ್ತು? ಹೊಟ್ಟೆಕಿಚ್ಚಿಗೆ ಭಾವನೇ ಆಸಿಡ್ ಸುರಿದಿದ್ದಾನೆ ಎಂದು ಚಹಾ ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ ಹೇಳಿದ. ಮಾತು ಭಾವನ ಕಿವಿಗೂ ಬಿತ್ತು. ಅವನು ಬಣ್ಣದಪ್ಪನಿಗೆ ಬೆನ್ನು ಹಾಕಿ, ನೀರಿನ ಕಡೆ ಮುಖ ಮಾಡಿ ಕೂತ. ಅದು ಜಗಳಕ್ಕಿಂತ ಕೆಟ್ಟದಾಗಿತ್ತು.

ಮುಂದಿನ ವಾರವೇ ಬೋಟುಗಳ ತಪಾಸಣೆ. ಕಾಲು ಭದ್ರವಿಲ್ಲದಿದ್ದರೆ ಜನರನ್ನು ಹತ್ತಿಸುವ ಹಾಗಿಲ್ಲ. ಹೆಂಡತಿಗೆ ಜೆಟ್ಟಿ ಹತ್ತಿರವೇ ಹೊಲಿಗೆ ಅಂಗಡಿ ಇತ್ತು. ಅವಳು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು: "ಈ ಕಾಲೂ ಹೋದ್ರೆ ಬೋಟು ಮಾರಿಬಿಡಿ. ನನ್ನ ಅಂಗಡೀಲಿ ಅಂಗಿಗಳಿಗೆ ಗುಂಡಿ ಹೊಲೀತಾ ಕೂತ್ಕೊಳ್ಳಿ." ನಾಳೆಯಿಂದಲೇ ಅಭ್ಯಾಸ ಶುರುವಾಗಲೆಂದು ಗುಂಡಿಗಳ ಡಬ್ಬಿಯನ್ನೂ ಅವನ ತಟ್ಟೆಯ ಪಕ್ಕ ಇಟ್ಟಳು. ಬಣ್ಣದಪ್ಪ ತಟ್ಟೆ ಬಿಟ್ಟು ಎದ್ದ. ನೀರು ಬಿಟ್ಟು ಅವನಿಗೆ ಬೇರೆ ಬದುಕೇ ಗೊತ್ತಿರಲಿಲ್ಲ.

ದುಃಖ ಬಂದಾಗ ಅವನು ಮಾಡುವುದು ಒಂದೇ ಕೆಲಸ. ಹೊಸ ಡಬ್ಬಿ ಒಡೆದ. ಮನೆಯಲ್ಲೂ ಅಂಗಡಿಯಲ್ಲೂ ಬಳಿಯದೆ ಉಳಿದದ್ದು ಹೆಂಡತಿಯ ಕರೆಂಟಿನ ಹೊಲಿಗೆ ಮಷೀನೊಂದೇ. ಅದನ್ನು ಬಿಚ್ಚಿ, ಸ್ಟ್ಯಾಂಡಿನಿಂದ ಸ್ಕ್ರೂವಿನ ಅಡಿವರೆಗೂ ನೀಲಿ ಮಾಡಿ ಜೋಡಿಸಿಟ್ಟ. ಮರುದಿನ ಅಂಗಡಿಯಿಂದ ಕಿರುಚಾಟ ಕೇಳಿಸಿತು.

"ರೀ, ನಿಮ್ಮ ಬಣ್ಣ ಬಿದ್ದ ಮೇಲೆ ಮಷೀನು ಕಚ್ಚೋಕೆ ಶುರು ಮಾಡಿದೆ! ಸೂಜಿ ಮುಟ್ಟಿದ್ರೆ ಜುಮ್ ಅನ್ನತ್ತೆ!"

"ನಿನ್ನ ಕೈ ಬೆವರಿರಬೇಕು" ಎಂದ ಬಣ್ಣದಪ್ಪ. ಮುಟ್ಟಿ ನೋಡಿದ. ಆಮೇಲೆ ಬೆವರಿನ ಮಾತೆತ್ತಲಿಲ್ಲ.

ಕರೆಂಟು ರಿಪೇರಿಯವನು ಬಂದ. ಮೊದಲು ಮೋಟರಿನಲ್ಲಿ ಕರೆಂಟು ಸೋರುತ್ತಿದ್ದ ಕಡೆ ಸರಿಮಾಡಿದ. ಆಮೇಲೆ, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ತಿಂಗ್ ವೈರು ಕೂತಿದ್ದ ಸ್ಕ್ರೂ ಬಿಚ್ಚಿ ಹುಬ್ಬು ಗಂಟಿಕ್ಕಿದ. "ಇದರ ಅಡಿಗೂ ಬಣ್ಣ ಬಳಿದ ಪುಣ್ಯಾತ್ಮ ಯಾರು?" ಹೆಂಡತಿ ಕತ್ತರಿಯಿಂದಲೇ ಗಂಡನನ್ನು ತೋರಿಸಿದಳು. "ಲೋಹಕ್ಕೆ ಲೋಹ ಮುಟ್ಟಬೇಕು ಸ್ವಾಮಿ. ಮಧ್ಯೆ ಬಣ್ಣ ಕೂತ್ರೆ ವೈರು ಇದ್ದೂ ಇಲ್ಲದ ಹಾಗೆ" ಎನ್ನುತ್ತ ಅವನು ಬಣ್ಣ ಕೆರೆದು ಬಿಗಿದ.

ಬೋಟಿನ ವೈರಿನ ಅಡಿಗೆ ತಾನು ಅಕ್ಕರೆಯಿಂದ ಬಳಿದ ಪದರಗಳೆಲ್ಲ ಬಣ್ಣದಪ್ಪನ ಕಣ್ಣ ಮುಂದೆ ಬಂದವು. ಚಪ್ಪಲಿ ಮೆಟ್ಟುವುದನ್ನೂ ಮರೆತು ಜೆಟ್ಟಿಗೆ ಓಡಿದ. ಆದರೆ ವೈರಿನ ಸಂಪರ್ಕ ಇದೆಯೋ ಇಲ್ಲವೋ ತಿಳಿಯಲು ಮೀಟರು ಬೇಕು, ಮೀಟರು ಇದ್ದದ್ದು ಭಾವನ ಹತ್ತಿರ. ಸ್ವಲ್ಪ ಹೊತ್ತು ಅತ್ತಿತ್ತ ಸುಳಿದಾಡಿ ಕೊನೆಗೆ ಅವನೆದುರು ಹೋಗಿ ನಿಂತ.

"ಭಾವ, ನಿಮ್ಮ ಮೀಟರು ಬೇಕಿತ್ತು."

"ಯಾಕೆ? ಆಸಿಡ್ ಎಷ್ಟಿದೆ ಅಂತ ಅಳೆಯೋಕಾ?"

ಬಣ್ಣದಪ್ಪ ತಲೆ ತಗ್ಗಿಸಿದ. "ತಪ್ಪಾಯ್ತು ಭಾವ. ಆಸಿಡ್ ಸುರಿದದ್ದು ನಾನೇ. ಡಬ್ಬೀಲಿ ತಂದು, ಬ್ರಷ್ಷಲ್ಲಿ ಹಚ್ಚಿದ್ದೀನಿ."

ಭಾವ ಅವನ ಬರಿಗಾಲನ್ನು ನೋಡಿದ. ಆಮೇಲೆ ಎದ್ದು ಮೀಟರು ತಂದ. ಎರಡರ ಮೇಲೂ ಬಣ್ಣ ಚೂರು ಕೆರೆದು, ಮೀಟರಿನ ಒಂದು ಕಡ್ಡಿಯನ್ನು ಗಟ್ಟಿಗೆ, ಇನ್ನೊಂದನ್ನು ಕಾಲಿಗೆ ಇಟ್ಟ. ಸಂಪರ್ಕ ಇದ್ದರೆ ಮೀಟರು ಕುಂಯ್ ಅನ್ನಬೇಕು. ಅನ್ನಲಿಲ್ಲ.

"ಉಪ್ಪುನೀರು ಏನಾದ್ರೂ ಒಂದು ತಿಂದೇ ತಿನ್ನತ್ತೆ" ಎಂದ ಭಾವ. ಇಷ್ಟು ಉದ್ದ ಮಾತಾಡಿದ್ದು ಅವನ ಜನ್ಮದಲ್ಲೇ ಮೊದಲಿರಬೇಕು. "ಅದರ ಬಾಯಿಗೆ ಅಂತಲೇ ಈ ಗಟ್ಟಿ ಕಟ್ಟೋದು. ಗಟ್ಟೀಗೂ ಕಾಲಿಗೂ ವೈರಿನ ನಂಟು ಇದ್ರೆ ಗಟ್ಟಿ ಸವೆದು ಕಾಲು ಉಳಿಯತ್ತೆ. ನೀನು ಗಟ್ಟೀಗೆ ಕೋಟು ತೊಡಿಸಿದೆ, ವೈರಿನ ಅಡಿಗೆ ಹಾಸಿಗೆ ಹಾಸಿದೆ. ಅದು ಕಾಲು ತಿನ್ನದೆ ಇನ್ನೇನು ತಿನ್ನತ್ತೆ?"

"ಮೊದಲೇ ಹೇಳಬಾರದಿತ್ತಾ ಭಾವ?"

"ಹೇಳಿದ್ದೆ. ನೀನು ನಕ್ಕಿದ್ದೆ."

ಇಬ್ಬರೂ ಕೂತು ಕೆರೆದರು. ಒಂದೊಂದು ಪದರ ಉದುರಿದಾಗಲೂ ಬಣ್ಣದಪ್ಪ ತನ್ನದೇ ಚರ್ಮ ಸುಲಿದಂತೆ ಮುಖ ಹಿಂಡುತ್ತಿದ್ದ. ವೈರಿನ ಜಾಗ ಬೆಳ್ಳಗೆ ಹೊಳೆಯಿತು. ಭಾವ ತನ್ನ ಪೆಟ್ಟಿಗೆಯಿಂದ ಹೊಸ ಗಟ್ಟಿಯೊಂದನ್ನು ತೆಗೆದು, ತಾನೇ ಬಿಗಿದುಕೊಟ್ಟ. ಕಡ್ಡಿ ಇಟ್ಟ ಕೂಡಲೇ ಮೀಟರು ಕುಂಯ್ ಅಂದಿತು. ಬಣ್ಣದಪ್ಪ ಆ ಸದ್ದನ್ನು ಇನ್ನೊಮ್ಮೆ ಕೇಳಿಸಿಕೊಂಡ, ಮತ್ತೊಮ್ಮೆ ಕೇಳಿಸಿಕೊಂಡ. "ಬ್ಯಾಟರಿ ಮುಗಿಯತ್ತೆ" ಎಂದು ಭಾವ ಮೀಟರು ಕಸಿದುಕೊಂಡ.

ತಪಾಸಣೆಯವರು ಕಾಲಿನ ಗುಂಡಿಗಳನ್ನು ಒಂದೊಂದಾಗಿ ಕುಟ್ಟಿ ನೋಡಿ ತಲೆಯಾಡಿಸಿದರು. ತೂತು ಬಿದ್ದಿಲ್ಲ ಎಂದು ಸದ್ಯಕ್ಕೆ ಒಪ್ಪಿದರು. ಮೂರು ತಿಂಗಳ ನಂತರ ಮತ್ತೆ ನೋಡುವುದಾಗಿಯೂ, ಗುಂಡಿ ಇನ್ನಷ್ಟು ಆಳವಾಗಿದ್ದರೆ ಬೋಟು ದಡದಲ್ಲೇ ಉಳಿಯುವುದೆಂದೂ ಹೇಳಿ ಹೋದರು.

ಆ ಮೂರು ತಿಂಗಳು ಬಣ್ಣದಪ್ಪನ ಪಾಡು ಯಾರಿಗೂ ಬೇಡ. ದಿನಾ ಬೆಳಿಗ್ಗೆ ನೀರಿಗಿಳಿದು ಗಟ್ಟಿಯನ್ನು ತಡವುತ್ತಿದ್ದ. ಜೀವಮಾನದಲ್ಲಿ ಮೊದಲ ಸಲ ಒಂದು ವಸ್ತು ಹಾಳಾಗಲಿ ಎಂದು ಬೇಡಿಕೊಳ್ಳುತ್ತಿದ್ದ. ಹೆದರಿಕೆ ಹೆಚ್ಚಾದ ಸಂಜೆ ಅಂಗಡಿಯಲ್ಲಿ ಕೂತು, ಯಾವುದಕ್ಕೂ ಇರಲಿ ಎಂದು ಗುಂಡಿ ಹೊಲಿಯುವುದನ್ನೂ ಕಲಿತ. ಅವನು ಹೊಲಿದದ್ದನ್ನು ಹೆಂಡತಿ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು.

ತಪಾಸಣೆಯವರು ಹೇಳಿದಂತೆ ಮತ್ತೆ ಬಂದರು. ಕಾಲಿನ ಗುಂಡಿಗಳು ಇದ್ದಷ್ಟೇ ಇದ್ದವು. ಗಟ್ಟಿ ಮಾತ್ರ ಮೂಲೆಗಳೆಲ್ಲ ಹೋಗಿ ಅಳಿಲು ಕಚ್ಚಿದಂತಾಗಿತ್ತು. "ಬೋಟು ಓಡಿಸಬಹುದು" ಎಂದರು. ಬಣ್ಣದಪ್ಪ ಆ ಗಟ್ಟಿಯನ್ನು ಜೆಟ್ಟಿಯಲ್ಲಿ ಕಂಡವರಿಗೆಲ್ಲ ಕರೆಕರೆದು ತೋರಿಸಿದ. "ಹೇಗೆ ತಿಂದಿದೆ ನೋಡಿ! ನಿಮ್ಮ ಯಾರ ಬೋಟಲ್ಲಾದ್ರೂ ಹೀಗೆ ತಿಂದಿದೆಯಾ?"

ಮರುದಿನ ಭಾವ ಒಂದು ಡಬ್ಬಿ ತಂದು ಅವನ ಮುಂದಿಟ್ಟ. "ನನ್ನ ಬೋಟು ತೀರಾ ಮಾಸಿದೆ. ಬಳೀತೀಯಾ?" ಬಣ್ಣದಪ್ಪನ ಕಣ್ಣು ತುಂಬಿ ಬಂತು. ಆಗಲೇ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದ.

ಮುಂಭಾಗದಿಂದ ಶುರುಮಾಡಿ ಅವನು ಬಳಿಯುತ್ತ ಬಂದ. ಬ್ರಷ್ಷು ಹಿಂಬದಿಗೆ ಬರುತ್ತಿದ್ದಂತೆ ಭಾವನಿಗೆ ತಡೆಯಲಾಗಲಿಲ್ಲ. ಕುಡಿಯುತ್ತಿದ್ದ ಚಹಾ ಬಿಟ್ಟು ಓಡಿಬಂದ.

"ಕೂತ್ಕೊಳ್ಳಿ ಭಾವ, ಆಗಲೇ ಮುಚ್ಚಿದ್ದೀನಿ" ಎಂದ ಬಣ್ಣದಪ್ಪ, ತಿರುಗಿಯೂ ನೋಡದೆ.

ಗಟ್ಟಿಗೂ ವೈರಿಗೂ ಸೇರಿಸಿ, ಬಣ್ಣ ತಾಗದಂತೆ ಹೆಂಡತಿಯ ಅಂಗಡಿಯ ಚೂರುಬಟ್ಟೆಯಿಂದ ಒಂದು ಗವಸು ತೊಡಿಸಿದ್ದ. ಅದು ಜಾರಿ ಬೀಳಬಾರದೆಂದು ಒಂದು ಗುಂಡಿಯನ್ನೂ ಹೊಲಿದಿದ್ದ. ಗುಂಡಿ ಸೊಟ್ಟಗಿತ್ತು.